ಶುಶ್ರೂಷೆಗೊಂದು ಶಾಲೆ

ರೋಗವನ್ನು ಗುಣಪಡಿಸುವ ಕಾರ್ಯಕ್ಕೆ ನಾಲ್ಕು ಪಾದಗಳುಂಟೆಂದು ನಮ್ಮ ನಾಡಿನ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆ ತಿಳಿಸುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ – ಇವೇ ಆ ನಾಲ್ಕು ಪಾದಗಳು. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆ ಸಾಗದು. ಪರಿಚಾರಕನಾದವನಿಗೆ ಉಪಚಾರದ ತಿಳಿವಳಿಕೆ, ಕೆಲಸದಲ್ಲಿ ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವಗಳಿರಬೇಕೆಂದೂ ಆ ಗ್ರಂಥ ವಿಧಿಸಿದೆ. ಆದರೆ ಕಾಲ ಉರುಳಿದಂತೆ ಲೋಕವು ಈ ಮೂರನೆಯ ಪಾದವನ್ನು ಮರೆಯಿತು. ವೈದ್ಯನಿಗೆ ಮನ್ನಣೆ ದೊರೆಯಿತು. ಔಷಧಕ್ಕೆ ಬೆಲೆ ಬಂದಿತು. ರೋಗಿಯ ಹಾಸಿಗೆಯ ಬಳಿ ಇರುಳೆಲ್ಲ ಎಚ್ಚರವಿದ್ದು, ಹುಣ್ಣು ತೊಳೆದು, ಗಂಜಿ ಕುಡಿಸಿ, ಮಲಮೂತ್ರಗಳನ್ನು ಎತ್ತುವ ಕೆಲಸ ಮಾತ್ರ ಯಾರು ಬೇಕಾದರೂ ಮಾಡಬಹುದಾದ ಚಾಕರಿಯೆನಿಸಿಕೊಂಡಿತು. ಆ ಕೆಲಸಕ್ಕೆ ವಿದ್ಯೆ ಬೇಕು, ಆ ವಿದ್ಯೆಗೊಂದು ಶಾಲೆ ಬೇಕು ಎಂಬುದನ್ನು ಜಗತ್ತಿಗೆ ಮನಗಾಣಿಸಿದವಳು ಫ್ಲಾರೆನ್ಸ್ ನೈಟಿಂಗೇಲ್.

ಫ್ಲಾರೆನ್ಸ್ ಜನಿಸಿದುದು 1820ನೆಯ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ದೇಶಸಂಚಾರಕ್ಕೆಂದು ಹೋಗಿದ್ದ ಆಕೆಯ ತಂದೆತಾಯಿಗಳು ಆಗ ಆ ನಗರದಲ್ಲಿ ತಂಗಿದ್ದರು. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ವಿಲಿಯಂ ನೈಟಿಂಗೇಲ್ ಸಿರಿವಂತ, ವಿದ್ಯಾವಂತ. ಇಂಗ್ಲೆಂಡಿನ ಡರ್ಬಿಶೈರ್ ಮತ್ತು ಹ್ಯಾಂಪ್‌ಶೈರ್ ಪ್ರಾಂತಗಳಲ್ಲಿ ಆತನಿಗೆ ವಿಶಾಲವಾದ ಮನೆಗಳಿದ್ದುವು. ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಆತನು ತನ್ನ ಇಬ್ಬರು ಪುತ್ರಿಯರಿಗೆ ಗ್ರೀಕ್, ಲ್ಯಾಟಿನ್, ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳನ್ನೂ ಇತಿಹಾಸ, ತತ್ತ್ವಶಾಸ್ತ್ರಗಳನ್ನೂ ತಾನೇ ಕಲಿಸಿದನು. ಕಿರಿಯಳಾದ ಫ್ಲಾರೆನ್ಸಳಿಗೆ ಗಣಿತದಲ್ಲಿ ವಿಶೇಷ ಒಲವು. ಲೆಕ್ಕದ ಮೇಲಿನ ಈ ಪ್ರೀತಿ ಮುಂದೆ ಸಾವಿರಾರು ಜನರ ಪ್ರಾಣವನ್ನು ಉಳಿಸುವ ಸಾಧನವಾಗುವುದೆಂದು ಆಗ ಯಾರೂ ಎಣಿಸಿರಲಿಲ್ಲ.

ಆಕೆಗೆ ಹದಿನಾರು ವರ್ಷ ತುಂಬಿದ್ದಾಗ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂಬ ಭಾವನೆ ಆಕೆಯ ಅಂತರಂಗದಲ್ಲಿ ಮೂಡಿತು. ಸೇವೆ ಯಾವುದೆಂಬುದು ಸ್ಪಷ್ಟವಾಗಲು ಕೆಲವು ವರ್ಷಗಳೇ ಹಿಡಿದುವು. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಶುಶ್ರೂಷೆಯನ್ನು ಕಲಿಯಬೇಕೆಂಬ ತನ್ನ ಬಯಕೆಯನ್ನು ಆಕೆ ಮನೆಯವರ ಮುಂದಿಟ್ಟಳು. ಮನೆಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಅಂದಿನ ಆಸ್ಪತ್ರೆಗಳು ಕತ್ತಲು, ದುರ್ಗಂಧ, ಕೊಳೆಗಳ ಬೀಡಾಗಿದ್ದುವು. ಅಲ್ಲಿ ದುಡಿಯುತ್ತಿದ್ದ ದಾದಿಯರಲ್ಲಿ ಅನೇಕರು ಬೇರೆಲ್ಲೂ ಕೆಲಸ ಸಿಗದೆ ಬಂದವರು, ಅಕ್ಷರ ತಿಳಿಯದವರು, ಕುಡಿತಕ್ಕೆ ದಾಸರಾದವರು. ಪ್ರಸಿದ್ಧ ಕಾದಂಬರಿಕಾರ ಡಿಕನ್ಸ್ ಅಂಥ ಒಬ್ಬ ದಾದಿಯ ಪಾತ್ರವನ್ನು ಸೃಷ್ಟಿಸಿ ಜನರನ್ನು ನಗಿಸಿದ್ದನು. ಕುಲೀನ ಮನೆತನದ ಹೆಣ್ಣುಮಗಳು ಆ ಸಾಲಿಗೆ ಸೇರುವುದೆಂದರೆ ಮನೆತನದ ಮಾನವೇ ಮಣ್ಣುಪಾಲಾದಂತೆ ಎಂದು ತಾಯಿ ಬಗೆದಳು. ಫ್ಲಾರೆನ್ಸಳು ಎದುರಾಡಲಿಲ್ಲ, ಹಟವನ್ನೂ ಬಿಡಲಿಲ್ಲ. ನಸುಕಿನಲ್ಲಿ ಎದ್ದು ಆಸ್ಪತ್ರೆಗಳ ವರದಿಗಳನ್ನು ತರಿಸಿ ಓದುತ್ತ, ಟಿಪ್ಪಣಿ ಮಾಡಿಕೊಳ್ಳುತ್ತ ಕಾಲ ಕಾಯ್ದಳು. ವಿವಾಹದ ಪ್ರಸ್ತಾಪಗಳು ಬಂದಾಗ ಒಪ್ಪಲಿಲ್ಲ.

ಜರ್ಮನಿಯ ರೈನ್ ನದಿಯ ದಂಡೆಯಲ್ಲಿ ಕೈಸರ್ಸ್‌ವರ್ತ್ ಎಂಬ ಊರಿದೆ. ಅಲ್ಲಿ ಫ್ಲೀಡ್ನರ್ ಎಂಬ ಪಾದ್ರಿಯು 1836ರಲ್ಲಿ ಒಂದು ಸೇವಾಸಂಸ್ಥೆಯನ್ನು ಸ್ಥಾಪಿಸಿ, ರೋಗಿಗಳ ಆರೈಕೆಯಲ್ಲಿ ಸ್ತ್ರೀಯರಿಗೆ ಶಿಕ್ಷಣ ಕೊಡುತ್ತಿದ್ದನು. ಫ್ಲಾರೆನ್ಸಳು 1850ರಲ್ಲಿ ಈ ಸಂಸ್ಥೆಯನ್ನು ಕಂಡು, ಮರುವರ್ಷ ಅಲ್ಲಿ ಮೂರು ತಿಂಗಳ ಕಾಲ ಇದ್ದು ಕಲಿತಳು. ಅರಮನೆಯಂಥ ಮನೆಯಲ್ಲಿ ಬೆಳೆದವಳು ಅಲ್ಲಿ ಸರಳ ಊಟ ಉಂಡು, ಬೆಳಗಿನಿಂದ ರಾತ್ರಿಯವರೆಗೆ ದುಡಿದು ಸಂತೋಷಪಟ್ಟಳು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿದ್ದ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಆಕೆಗೆ ದೊರೆಯಿತು. ಆಗ ಆಕೆಯ ವಯಸ್ಸು ಮೂವತ್ತಮೂರು. ಕೊನೆಗೂ ಮನೆಯವರು ಒಪ್ಪಿದ್ದರು. ತಂದೆ ವರ್ಷಾಶನವನ್ನೂ ಗೊತ್ತುಮಾಡಿದನು.

ಮರುವರ್ಷವೇ ಕ್ರಿಮಿಯಾ ಯುದ್ಧದ ಕರೆ ಬಂದಿತು. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪಕ್ಷ ವಹಿಸಿ ರಷ್ಯದೊಡನೆ ಹೋರಾಡುತ್ತಿದ್ದುವು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗುಗಳಲ್ಲಿ ತುಂಬಿ, ಕಪ್ಪುಸಮುದ್ರವನ್ನು ದಾಟಿಸಿ, ಇಸ್ತಾಂಬುಲ್ ನಗರದ ಎದುರು ದಡದ ಸ್ಕುಟಾರಿಗೆ ಸಾಗಿಸಲಾಗುತ್ತಿತ್ತು. ಅಲ್ಲಿ ಅವರು ಆರೈಕೆಯಿಲ್ಲದೆ ಸಾಯುತ್ತಿರುವರೆಂಬ ಸುದ್ದಿಯು ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿ ದೇಶವೆಲ್ಲ ಕೆರಳಿತು. ಯುದ್ಧಮಂತ್ರಿ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸಳ ಸ್ನೇಹಿತ. ಆತನ ಕೋರಿಕೆಯಂತೆ ಆಕೆ ಮೂವತ್ತೆಂಟು ಮಂದಿ ದಾದಿಯರೊಡನೆ 1854ರ ಅಕ್ಟೋಬರ್ 21ರಂದು ಹೊರಟು, ನವೆಂಬರ್ 4ರಂದು ಸ್ಕುಟಾರಿಯನ್ನು ಮುಟ್ಟಿದಳು.

ಸೈನಿಕರ ಹಳೆಯ ಠಾಣ್ಯವೊಂದನ್ನೇ ಅಲ್ಲಿ ಆಸ್ಪತ್ರೆಯಾಗಿ ಮಾಡಿದ್ದರು. ಹಾಸಿಗೆಗಳ ಸಾಲು ಸುಮಾರು ನಾಲ್ಕು ಮೈಲಿಗಳಷ್ಟು ಉದ್ದವಿತ್ತೆಂದು ಹೇಳುವುದುಂಟು. ಉಡಲು ಬಟ್ಟೆಯಿಲ್ಲ, ಮುಖ ತೊಳೆಯಲು ಬೋಗುಣಿಯಿಲ್ಲ, ಉಣ್ಣಲು ಚಮಚವಿಲ್ಲ. ಇಲಿ ಹೇನುಗಳ ಕಾಟ ಬೇರೆ. ಸೇನೆಯ ವೈದ್ಯರು ಹೆಂಗಸರ ಈ ದಂಡನ್ನು ಕಂಡು ಮುಖ ಸಿಂಡರಿಸಿದರು. ಆಗ ಫ್ಲಾರೆನ್ಸಳು ತೋರಿದ ಸಂಯಮ ಗಮನಾರ್ಹವಾದುದು. ವೈದ್ಯರು ಕೇಳುವವರೆಗೆ ತನ್ನ ದಾದಿಯರು ರೋಗಿಗಳನ್ನು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿ, ಬಟ್ಟೆ ಹೊಲಿಯುವ ಕೆಲಸಕ್ಕೆ ಅವರನ್ನು ಕೂರಿಸಿದಳು. ಕೆಲವೇ ದಿನಗಳಲ್ಲಿ ಇಂಕರ್ಮನ್ ಕದನದ ಗಾಯಾಳುಗಳು ಪ್ರವಾಹದಂತೆ ಬಂದರು. ವೈದ್ಯರು ತಾವಾಗಿಯೇ ದಾದಿಯರ ನೆರವನ್ನು ಬೇಡಿದರು.

ಆ ಬಳಿಕ ಫ್ಲಾರೆನ್ಸಳಿಗೆ ಬಿಡುವೆಂಬುದಿರಲಿಲ್ಲ. ಜನರು ಕಳುಹಿಸಿದ ಹಣದಿಂದ ಅಂಗಿ, ಹಾಸಿಗೆ, ಪಾತ್ರೆಗಳನ್ನು ಕೊಂಡಳು. ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಸೈನಿಕರ ಹೆಂಡಿರಿಗೆ ಕೂಲಿ ಕೊಟ್ಟು ಬಟ್ಟೆ ಒಗೆಯಿಸಿದಳು. ರೋಗಿಗಳಿಗೆ ತಕ್ಕ ಆಹಾರ ಸಿದ್ಧಪಡಿಸುವ ಅಡುಗೆಮನೆಗಳನ್ನು ತೆರೆದಳು. ಸತ್ತ ಸೈನಿಕರ ತಾಯಂದಿರಿಗೂ ಪತ್ನಿಯರಿಗೂ ತಾನೇ ಪತ್ರ ಬರೆದಳು. ಇರುಳಿನಲ್ಲಿ ಕೈದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದು ರೋಗಿಗಳನ್ನು ವಿಚಾರಿಸುತ್ತಿದ್ದ ಆಕೆಯನ್ನು ಲೋಕವು ದೀಪಧಾರಿಣಿಯೆಂದು ಕರೆಯಿತು.

ದೀಪಧಾರಿಣಿಯ ಈ ಚಿತ್ರವನ್ನು ಎಲ್ಲರೂ ಬಲ್ಲರು. ಆದರೆ ಆಕೆಯ ಹಿರಿಮೆ ಇಷ್ಟಕ್ಕೇ ನಿಂತಿದ್ದರೆ ಅವಳೊಬ್ಬ ಕರುಣಾಮಯಿಯಾದ ಹೆಂಗಸೆಂದು ಮಾತ್ರ ನಾವು ನೆನೆಯಬೇಕಾಗಿತ್ತು. ಇಷ್ಟೆಲ್ಲ ಆರೈಕೆಯ ನಡುವೆಯೂ ಸ್ಕುಟಾರಿಯಲ್ಲಿ ಸಾವು ತಗ್ಗಲಿಲ್ಲ, ಬದಲಾಗಿ ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಯ ಮರಣ ಪ್ರಮಾಣ ನೂರಕ್ಕೆ ನಲವತ್ತೆರಡನ್ನು ಮುಟ್ಟಿತು. ಗಾಯದಿಂದ ಸತ್ತವರಿಗಿಂತ ಭೇದಿ, ವಿಷಮಜ್ವರ, ಕಾಲರಾಗಳಿಂದ ಸತ್ತವರೇ ಹೆಚ್ಚು. ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗವೊಂದು ಬಂದಿಳಿಯಿತು. ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಚರಂಡಿಗಳನ್ನು ಅದು ತೊಳೆಯಿಸಿತು. ನೀರಿನ ಕಾಲುವೆಯಲ್ಲಿ ಕೊಳೆಯುತ್ತಿದ್ದ ಪ್ರಾಣಿಯ ಕಳೇಬರವನ್ನು ತೆಗೆಸಿತು. ಗೋಡೆಗಳಿಗೆ ಸುಣ್ಣ ಬಳಿಸಿತು. ಗಾಳಿಯಾಡಲು ದಾರಿ ಮಾಡಿತು. ಜೂನ್ ವೇಳೆಗೆ ಮರಣ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

1856ರ ಆಗಸ್ಟಿನಲ್ಲಿ ಫ್ಲಾರೆನ್ಸಳು ತಾಯ್ನಾಡಿಗೆ ಹಿಂದಿರುಗಿದಳು. ಮೆರವಣಿಗೆ, ಸನ್ಮಾನಗಳಿಗೆ ಸಿಲುಕದೆ ಹೆಸರು ಮರೆಸಿಕೊಂಡು ಮನೆ ಸೇರಿದಳು. ಬಳಿಕ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ನೆರವಿನಿಂದ ಸೇನೆಯ ಮರಣಗಳ ಲೆಕ್ಕವನ್ನೆಲ್ಲ ಹರವಿಕೊಂಡು ಕುಳಿತಳು. ಆ ಅಂಕಿಗಳು ಹೇಳಿದ ಸತ್ಯ ಕಠೋರವಾಗಿತ್ತು. ಆ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದವು. ತಾನು ಹಗಲಿರುಳು ಕಾದ ಆಸ್ಪತ್ರೆಯೇ ತನ್ನ ಕೊಳೆಯಿಂದಲೂ ಇಕ್ಕಟ್ಟಿನಿಂದಲೂ ಸೈನಿಕರನ್ನು ಕೊಂದಿತ್ತು. ಕೀರ್ತಿಯ ಶಿಖರದಲ್ಲಿದ್ದ ಬೇರೆ ಯಾರಾದರೂ ಆ ಕಾಗದಗಳನ್ನು ಮಡಿಚಿಟ್ಟು ಸುಮ್ಮನಿರಬಹುದಿತ್ತು. ದೇಶವೆಲ್ಲ ಆಕೆಯನ್ನು ಪೂಜಿಸುತ್ತಿದ್ದಾಗ ಸತ್ಯವನ್ನು ಬೇಡಿದವರಾದರೂ ಯಾರು? ಆದರೆ ಆಕೆ ಆ ಲೆಕ್ಕವನ್ನು ಅಚ್ಚು ಹಾಕಿಸಿದಳು. ಅಂಕಿಗಳನ್ನು ಓದಲಾರದವರಿಗೂ ಅರ್ಥವಾಗಲೆಂದು, ಚಕ್ರದಂತೆ ಹರಡಿದ ಬಣ್ಣದ ನಕ್ಷೆಗಳಲ್ಲಿ ತಿಂಗಳು ತಿಂಗಳಿನ ಸಾವುಗಳನ್ನು ತೋರಿಸಿ, ಸೈನಿಕರ ಆರೋಗ್ಯಕ್ಕಾಗಿ ರಾಜ ಆಯೋಗವು ನೇಮಕವಾಗುವಂತೆಯೂ ಅದರ ಸಲಹೆಗಳು ಕಾರ್ಯರೂಪಕ್ಕೆ ಬರುವಂತೆಯೂ ದುಡಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ಸದಸ್ಯಳನ್ನಾಗಿ ಆರಿಸಿಕೊಂಡಿತು. ಆ ಗೌರವವನ್ನು ಪಡೆದ ಮೊದಲ ಮಹಿಳೆ ಆಕೆಯೇ.

ಕರುಣೆಯೊಂದೇ ಸಾಲದು, ಅದಕ್ಕೆ ತಿಳಿವು ಜೊತೆಗೂಡಬೇಕು ಎಂಬುದು ಕ್ರಿಮಿಯಾದ ಸಾವುಗಳು ಕಲಿಸಿದ ಪಾಠ. ಈ ಪಾಠದ ಬುನಾದಿಯ ಮೇಲೆಯೇ ಆಕೆಯ ಶಾಲೆ ಎದ್ದು ನಿಂತಿತು. ಯುದ್ಧ ನಡೆಯುತ್ತಿದ್ದಾಗಲೇ, 1855ರ ನವೆಂಬರಿನಲ್ಲಿ, ಜನರು ಕೃತಜ್ಞತೆಯಿಂದ ನೈಟಿಂಗೇಲ್ ನಿಧಿಯೊಂದನ್ನು ಆರಂಭಿಸಿದ್ದರು. ಸಾಮಾನ್ಯ ಸೈನಿಕರೂ ತಮ್ಮ ವೇತನದಿಂದ ಕಾಣಿಕೆ ಸಲ್ಲಿಸಿದರು. ಕೂಡಿದ ಮೊತ್ತ 44 ಸಾವಿರ ಪೌಂಡುಗಳನ್ನು ಮೀರಿತು. ಅದರಲ್ಲಿ ಒಂದು ಕಾಸನ್ನೂ ಆಕೆ ಸ್ವಂತಕ್ಕೆ ಬಳಸಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆ ನಿಧಿಯಿಂದ ಶುಶ್ರೂಷಾ ಶಾಲೆ ಪ್ರಾರಂಭವಾಯಿತು. ದಾದಿಯರಿಗೆ ಮನೆಗೆಲಸದವರಿಗಿಂತ ಹೆಚ್ಚಿನ ಶಿಕ್ಷಣ ಏಕೆ ಬೇಕೆಂದು ಆ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯನೇ ವಿರೋಧಿಸಿದ್ದನು. ಆದರೂ ಮೊದಲ ತಂಡದ ಹದಿನೈದು ಮಂದಿ ವಿದ್ಯಾರ್ಥಿನಿಯರು ಒಳಗೆ ಕಾಲಿರಿಸಿದರು.

ಈ ಶಾಲೆಯ ರೀತಿನೀತಿಗಳು ಹೊಸ ಬಗೆಯವು. ಮೊದಲನೆಯದಾಗಿ, ಅದು ಯಾವ ಮತಸಂಸ್ಥೆಗೂ ಅಧೀನವಾಗಿರಲಿಲ್ಲ. ಯಾವ ಪಂಗಡದವಳಾದರೂ ಸೇರಬಹುದಾಗಿತ್ತು. ಎರಡನೆಯದಾಗಿ, ಬಡವರ ಮಕ್ಕಳೂ ಕಲಿಯಲು ಸಾಧ್ಯವಾಗುವಂತೆ ಊಟ, ವಸತಿ, ಸಮವಸ್ತ್ರಗಳ ಜೊತೆಗೆ ವರ್ಷಕ್ಕೆ ಹತ್ತು ಪೌಂಡುಗಳ ವೇತನವನ್ನು ಕೊಡಲಾಗುತ್ತಿತ್ತು. ಶಿಕ್ಷಣದ ಅವಧಿ ಒಂದು ವರ್ಷ. ಆಸ್ಪತ್ರೆಯ ಮೇಟ್ರನ್ ಆಗಿದ್ದ ಶ್ರೀಮತಿ ವಾರ್ಡ್‌ರೋಪರ್ ಶಾಲೆಯ ಹೊಣೆ ಹೊತ್ತಳು. ಅಲ್ಲಿಯವರೆಗೆ ದಾದಿಯ ಕೆಲಸವನ್ನು ಪುರುಷರು ಆಳುತ್ತಿದ್ದರು; ಇಲ್ಲಿ ಶುಶ್ರೂಷೆಯ ಮೇಲ್ವಿಚಾರಣೆ ಶುಶ್ರೂಷೆಯನ್ನು ಬಲ್ಲ ಮಹಿಳೆಯ ಕೈಗೇ ಬಂದಿತು. ಕಲಿತು ಹೊರಬಂದವರು ಸಿರಿವಂತರ ಮನೆಗಳಿಗೆ ಹೋಗದೆ, ಕೆಲವು ವರ್ಷ ಸಾರ್ವಜನಿಕ ಆಸ್ಪತ್ರೆಗಳಲ್ಲಿಯೇ ದುಡಿಯಬೇಕೆಂಬ ಕಟ್ಟಳೆಯಿತ್ತು.

ಪ್ರತಿಯೊಬ್ಬ ವಿದ್ಯಾರ್ಥಿನಿಯ ಬಗೆಗೂ ತಿಂಗಳಿಗೊಮ್ಮೆ ಒಂದು ಪಟ್ಟಿಯನ್ನು ತುಂಬಲಾಗುತ್ತಿತ್ತು. ಅದರ ಒಂದು ಭಾಗದಲ್ಲಿ ನಡತೆ: ಸಮಯಪಾಲನೆ, ಸದ್ದಿಲ್ಲದ ಕೆಲಸ, ನಂಬಿಕೆಗೆ ಅರ್ಹತೆ, ಮೈಬಟ್ಟೆಗಳ ಶುಚಿತ್ವ. ಇನ್ನೊಂದು ಭಾಗದಲ್ಲಿ ಕೌಶಲ: ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಹಾಸುವುದು, ರೋಗಿಗೆ ತಕ್ಕ ಆಹಾರ ಬೇಯಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ರೋಗಿಯ ಸ್ಥಿತಿಯನ್ನು ಕಣ್ಣಿಟ್ಟು ನೋಡಿ ವೈದ್ಯನಿಗೆ ತಪ್ಪಿಲ್ಲದೆ ತಿಳಿಸುವುದು. ನೋಡದೆ ಊಹಿಸಿ ಹೇಳುವುದು, ನೋಡಿದುದನ್ನು ಮುಚ್ಚಿಡುವುದು ಎರಡೂ ಅಲ್ಲಿ ಅಪರಾಧಗಳೇ ಆಗಿದ್ದುವು. ಶಾಲೆ ತೆರೆಯುವ ಹೊತ್ತಿಗೆ ಫ್ಲಾರೆನ್ಸಳು ಶುಶ್ರೂಷೆಯನ್ನು ಕುರಿತು ಬರೆದ ಸಣ್ಣ ಪುಸ್ತಕವೂ ಹೊರಬಂದಿದ್ದಿತು. ಶುದ್ಧವಾದ ಗಾಳಿ, ಶುದ್ಧವಾದ ನೀರು, ಸರಿಯಾದ ಚರಂಡಿ, ಶುಚಿತ್ವ, ಬೆಳಕು ಇವೇ ಆರೋಗ್ಯಕರವಾದ ಮನೆಯ ಐದು ಆಧಾರಗಳೆಂದು ಅದರಲ್ಲಿ ಆಕೆ ವಿವರಿಸಿದ್ದಾಳೆ.

ಕ್ರಿಮಿಯಾದಲ್ಲಿ ತಗಲಿದ ಜ್ವರದ ಪರಿಣಾಮವಾಗಿ ಆಕೆಯ ಆರೋಗ್ಯ ಕುಗ್ಗಿತ್ತು. ಅನೇಕ ವರ್ಷ ಹಾಸಿಗೆಯ ಮೇಲೆಯೇ ಇರಬೇಕಾಯಿತು. ಆದುದರಿಂದ ಆ ಶಾಲೆಯಲ್ಲಿ ಆಕೆ ತಾನೇ ಪಾಠ ಹೇಳಲಿಲ್ಲ. ಆದರೂ ವಿದ್ಯಾರ್ಥಿನಿಯರನ್ನು ಮನೆಗೆ ಕರೆಸಿ ವಿಚಾರಿಸುತ್ತಿದ್ದಳು. ಹಿತನುಡಿಗಳ ಪತ್ರಗಳನ್ನು ಬರೆಯುತ್ತಿದ್ದಳು. ಆ ಶಾಲೆಯ ಮಕ್ಕಳು ದೂರ ದೂರಕ್ಕೆ ಹೋದರು. ಆಗ್ನೆಸ್ ಜೋನ್ಸ್ ಎಂಬಾಕೆ 1865ರಲ್ಲಿ ಲಿವರ್‌ಪೂಲಿನ ಅನಾಥರ ಆಸ್ಪತ್ರೆಯನ್ನು ವಹಿಸಿಕೊಂಡು, ಬಡವರ ಸೇವೆಯಲ್ಲಿಯೇ ಜ್ವರ ತಗಲಿ 1868ರಲ್ಲಿ ಮಡಿದಳು. ಅದೇ ವರ್ಷ ಲೂಸಿ ಆಸ್‌ಬರ್ನ್ ಐವರು ಸಂಗಾತಿಯರೊಡನೆ ಆಸ್ಟ್ರೇಲಿಯದ ಸಿಡ್ನಿಯನ್ನು ತಲುಪಿದಳು.

ಆಕೆಯ ಎಲ್ಲ ಅಭಿಪ್ರಾಯಗಳನ್ನೂ ಮುಂದಿನವರು ಒಪ್ಪಲಿಲ್ಲ. ಶುಶ್ರೂಷಕಿಯರ ಹೆಸರುಗಳನ್ನು ಸರ್ಕಾರ ನೋಂದಾಯಿಸಬೇಕೆಂಬ ಚಳವಳಿ ಎದ್ದಾಗ ಆಕೆ ವಿರೋಧಿಸಿದಳು. ಪರೀಕ್ಷೆಯ ಅಂಕಗಳು ಜ್ಞಾನವನ್ನು ಅಳೆಯಬಲ್ಲವೇ ಹೊರತು ಶೀಲವನ್ನು ಅಳೆಯಲಾರವು ಎಂಬುದು ಆಕೆಯ ಆತಂಕ. 1919ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯ ಶಾಸನವು ಬಂದೇ ಬಂದಿತು. ಶಾಸನ ಬಂದುದು ಒಳ್ಳೆಯದೇ ಆಯಿತು. ಆದರೂ ಆಕೆ ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಭಾರತಕ್ಕೆ ಫ್ಲಾರೆನ್ಸಳು ಒಮ್ಮೆಯೂ ಬರಲಿಲ್ಲ. ಆದರೆ ಭಾರತದ ಚಿಂತೆ ಆಕೆಯನ್ನು ನಾಲ್ಕು ದಶಕಗಳ ಕಾಲ ಬಿಡಲಿಲ್ಲ. ಇಲ್ಲಿನ ಸೇನೆಯ ಆರೋಗ್ಯವನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ಆಯೋಗಕ್ಕೆ ಬೇಕಾದ ಪ್ರಶ್ನಾವಳಿಗಳನ್ನು ಆಕೆ ಸಿದ್ಧಪಡಿಸಿದಳು. ಠಾಣ್ಯ ಠಾಣ್ಯಗಳಿಂದ ಉತ್ತರಗಳು ಬಂದುವು. ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಹರಿದು ಸೇರುವುದನ್ನೂ ಅದೇ ನೀರನ್ನು ಕುಡಿಯಲು ಬಳಸುವುದನ್ನೂ ಆಕೆ ತನ್ನ ಬರಹದಲ್ಲಿ ಎತ್ತಿ ತೋರಿಸಿದಳು. ವರ್ಷಕ್ಕೆ ಸಾವಿರಕ್ಕೆ 69ರಷ್ಟಿದ್ದ ಸೈನಿಕರ ಮರಣ ಪ್ರಮಾಣವು ಸುಧಾರಣೆಗಳ ಫಲವಾಗಿ 18ಕ್ಕೆ ಇಳಿದುದನ್ನು 1874ರಲ್ಲಿ ದಾಖಲಿಸಿದಳು. ಸೈನಿಕರಿಂದ ಮೊದಲಾದ ಆಕೆಯ ಕಾಳಜಿ ಕ್ರಮೇಣ ನಮ್ಮ ಹಳ್ಳಿಗಳ ರೈತರವರೆಗೂ ಹರಡಿತು. 1876ರಿಂದ 1878ರವರೆಗೆ ಮೈಸೂರು, ಮದರಾಸು ಪ್ರಾಂತಗಳನ್ನು ಸುಟ್ಟ ಭೀಕರ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಆ ಕಾಲದಲ್ಲಿ ಭಾರತದ ಬಡವರ ಪರವಾಗಿಯೂ ನೀರಾವರಿಯ ಪರವಾಗಿಯೂ ಆಕೆ ಲೇಖನಿ ಹಿಡಿದಳು. ನಮ್ಮ ಸ್ತ್ರೀಯರಿಗೆ ವೈದ್ಯಕೀಯ ನೆರವು ದೊರಕಿಸಲೆಂದು 1885ರಲ್ಲಿ ಸ್ಥಾಪಿತವಾದ ಡಫ್ರಿನ್ ನಿಧಿಗೂ ಬೆಂಬಲ ಕೊಟ್ಟಳು.

1907ರಲ್ಲಿ ಬ್ರಿಟನ್ನಿನ ದೊರೆಯು ಆಕೆಗೆ ಆರ್ಡರ್ ಆಫ್ ಮೆರಿಟ್ ಎಂಬ ಹಿರಿಯ ಪ್ರಶಸ್ತಿಯನ್ನಿತ್ತನು. ಅದನ್ನು ಪಡೆದ ಮೊದಲ ಮಹಿಳೆಯೂ ಆಕೆಯೇ. ಆ ವೇಳೆಗೆ ಆಕೆಯ ದೃಷ್ಟಿ ಮಂಕಾಗಿತ್ತು, ನೆನಪು ಮಾಸಿತ್ತು. 1910ನೆಯ ಆಗಸ್ಟ್ 13ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ನಿದ್ರೆಯಲ್ಲಿಯೇ ಕಣ್ಮುಚ್ಚಿದಳು. ದೊರೆಗಳೂ ಮಹಾಪುರುಷರೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಯನ್ನು ಒಪ್ಪದೆ, ತನ್ನವರು ಮಲಗಿದ್ದ ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ಆಕೆಯನ್ನು ಮಣ್ಣುಮಾಡಲಾಯಿತು. ಕಲ್ಲಿನ ಮೇಲೆ ಆಕೆಗೆ ಮೀಸಲಾದುದು ಹೆಸರಿನ ಎರಡು ಮೊದಲಕ್ಷರಗಳು ಮತ್ತು ಹುಟ್ಟು ಸಾವುಗಳ ಕಾಲ ಮಾತ್ರ.

ಆಕೆಯ ಜನ್ಮದಿನವಾದ ಮೇ 12ನ್ನು ಈಗ ಜಗತ್ತು ಶುಶ್ರೂಷಕಿಯರ ದಿನವೆಂದು ಆಚರಿಸುತ್ತದೆ. ಆಕೆ ತೆರೆಯಿಸಿದ ಶಾಲೆಯು ಲಂಡನ್ನಿನ ಕಿಂಗ್ಸ್ ಕಾಲೇಜಿನ ಅಂಗವಾಗಿ, ಆಕೆಯ ಹೆಸರಿನಲ್ಲಿಯೇ ನಡೆಯುತ್ತಿದೆ. ನಮ್ಮ ದೇಶದಲ್ಲಿ 1947ರ ಶಾಸನದಂತೆ ಭಾರತೀಯ ಶುಶ್ರೂಷಾ ಪರಿಷತ್ತು ಏರ್ಪಟ್ಟು, ಶಿಕ್ಷಣಕ್ಕೆ ಒಂದೇ ಮಟ್ಟವನ್ನು ಗೊತ್ತುಮಾಡಿತು. ಉತ್ತಮ ಸೇವೆ ಸಲ್ಲಿಸಿದ ಶುಶ್ರೂಷಕಿಯರಿಗೆ 1973ರಿಂದ ಭಾರತ ಸರ್ಕಾರವು ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ರಾಷ್ಟ್ರಪ್ರಶಸ್ತಿಯನ್ನು ನೀಡುತ್ತ ಬಂದಿದೆ.

ಆದರೆ ಇಂಥ ಶಿಕ್ಷಣದ ಬೆಲೆ ನಗರಗಳ ದೊಡ್ಡ ಆಸ್ಪತ್ರೆಗಳಿಗಿಂತ ಹೆಚ್ಚಾಗಿ ದೂರದ ಹಳ್ಳಿಗಳಲ್ಲಿ ತಿಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ, ಸಾಗರ ತಾಲ್ಲೂಕಿನ ತುಮರಿಯನ್ನು ನೋಡೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ತುಮರಿಯ ಸುತ್ತಲಿನ ಹಳ್ಳಿಗಳಿಗೂ ಸಾಗರಕ್ಕೂ ನಡುವೆ ನೀರೇ ಗಡಿಯಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯುವವರೆಗೆ ಜನರಿಗೆ ಲಾಂಚೇ ಗತಿಯಾಗಿತ್ತು. ಸಂಜೆ ಲಾಂಚು ನಿಂತಿತೆಂದರೆ ದೂರದ ಸುತ್ತುದಾರಿಯೊಂದೇ ಉಳಿಯುತ್ತಿತ್ತು. ಇರುಳಿನಲ್ಲಿ ಹೆರಿಗೆಯ ನೋವು ಬಂದವಳಿಗೆ, ಹಾವು ಕಚ್ಚಿದವನಿಗೆ, ಜ್ವರದಿಂದ ನಡುಗುವ ಮಗುವಿಗೆ ಆರೈಕೆಯ ವಿದ್ಯೆ ಬಲ್ಲವರೊಬ್ಬರು ಈಚೆ ದಡದಲ್ಲಿಯೇ ಇರುವುದು ಎಂಥ ಆಸರೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ವೈದ್ಯರು ಬರುವವರೆಗೆ ಜೀವವನ್ನು ಹಿಡಿದಿಡುವುದು ಅಂಥವರ ಕೈಯಲ್ಲಿದೆ.

ಮಂಗನ ಕಾಯಿಲೆಯ ವಿಷಯದಲ್ಲಿಯೂ ಇದನ್ನೇ ಕಾಣುತ್ತೇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಕಾಡಿನಲ್ಲಿ ಮಂಗ ಸತ್ತ ಜಾಗವನ್ನು ಗುರುತಿಸುವುದು, ಮನೆ ಮನೆಗೆ ನಡೆದು ಜ್ವರ ಬಂದವರ ಲೆಕ್ಕ ತೆಗೆಯುವುದು, ಉಣ್ಣೆಯ ಕಡಿತದಿಂದ ಪಾರಾಗುವ ಬಗೆಯನ್ನು ತಿಳಿಸುವುದು – ಇವೆಲ್ಲ ರೋಗಿಯ ಹಾಸಿಗೆಯ ಬಳಿ ನಡೆಯುವ ಕೆಲಸಗಳಲ್ಲ. ಆದರೂ ಇವು ಶುಶ್ರೂಷೆಯೇ. ಸಾವನ್ನು ಎಣಿಸಿ, ಅದರ ಕಾರಣವನ್ನು ಹುಡುಕಿ, ಮುಂದಿನ ಸಾವನ್ನು ತಡೆಯುವ ಈ ದಾರಿಯನ್ನು ಸ್ಕುಟಾರಿಯ ಲೆಕ್ಕಪತ್ರಗಳ ಮುಂದೆ ಕುಳಿತು ಫ್ಲಾರೆನ್ಸಳು ಕಂಡುಕೊಂಡಿದ್ದಳು.

ಆಕೆಯ ಕೈಯಲ್ಲಿದ್ದ ದೀಪವನ್ನು ಲೋಕ ಕೊಂಡಾಡಿತು. ಆದರೆ ಒಬ್ಬಳು ಹಿಡಿದ ದೀಪದ ಬೆಳಕು ಒಂದು ಆಸ್ಪತ್ರೆಗಷ್ಟೇ ಸಾಕು. ಅದೂ ಆಕೆ ಇರುವವರೆಗೆ ಮಾತ್ರ. ಇದನ್ನು ಅರಿತೇ ಆಕೆ ಜನರು ಕೊಟ್ಟ ಹಣವನ್ನು ಜನರ ಶಾಲೆಗೇ ಒಪ್ಪಿಸಿ, ತನ್ನ ಹೆಸರಿಗಿಂತ ತನ್ನ ವಿದ್ಯೆ ಉಳಿಯುವಂತೆ ಮಾಡಿದಳು. ಚರಕನು ಹೇಳಿದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವಗಳ ಜೊತೆಗೆ, ಕಂಡ ಸತ್ಯವನ್ನು ಮುಚ್ಚಿಡದೆ ಹೇಳುವ ಧೈರ್ಯವನ್ನೂ ಆಕೆ ಶುಶ್ರೂಷೆಯ ಗುಣಗಳ ಸಾಲಿಗೆ ಸೇರಿಸಿದಳು. ಆ ಧೈರ್ಯವು ಶುಶ್ರೂಷಕಿಯರಿಗಷ್ಟೇ ಅಲ್ಲ, ಕಲಿಯಲು ಹೊರಟ ಎಲ್ಲರಿಗೂ ಬೇಕಾದುದೇ ಆಗಿದೆ.